ನಲವತ್ತೇಳರಲ್ಲಿ ಮುಗಿಯುವ ನಂಬರು

ವಾದಿರಾಜರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ಬರುವುದನ್ನು ಓದುತ್ತಾ ಅದು ಮರೆತುಹೋಗುವ ಸಂಭವವಿದೆ. ಸರ್ಕಾರಿ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದು, ಒಂದು ನಟ್ಟು ಬೋಲ್ಟನ್ನೂ ಮನೆಗೆ ತರದೆ ನಿವೃತ್ತರಾದ ಮನುಷ್ಯ. ಮನೆಗೆ ತಂದದ್ದು ಸ್ಟೋರ್ಸಿನ ಬುದ್ಧಿ ಒಂದನ್ನೇ. ವೈಟ್‌ಫೀಲ್ಡಿನ ಆಚೆ, ನೌಕರರ ಸಂಘದ ಲೇಔಟಿನಲ್ಲಿದ್ದ ಅವರ ಮನೆಯಲ್ಲಿ ಪ್ರತಿ ಮಾರ್ಚ್ ಮೂವತ್ತೊಂದರಂದು ಸ್ಟಾಕ್ ವೆರಿಫಿಕೇಶನ್ ನಡೆಯುತ್ತಿತ್ತು. ಸ್ನಾನ, ಸಂಧ್ಯಾವಂದನೆ ಮುಗಿಸಿ, ಉದ್ದನೆಯ ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಅವರು ಕೋಣೆ ಕೋಣೆ ಸುತ್ತುವರು. ಕುಕ್ಕರು ಮೂರು. ಛತ್ರಿ ನಾಲ್ಕು, ಅದರಲ್ಲಿ ಬಿಚ್ಚಿಕೊಳ್ಳುವುದು ಎರಡು. ವರ್ಷದಿಂದ ಯಾರೂ ಮುಟ್ಟದ ವಸ್ತು ಕಣ್ಣಿಗೆ ಬಿದ್ದರೆ ಅದರ ಮುಂದೆ ಕೆಂಪು ಶಾಯಿಯಲ್ಲಿ ‘ಕಂಡೆಮ್’ ಎಂದು ಬರೆದು ಸಂಜೆಯೊಳಗೆ ಮನೆಯಿಂದ ಸಾಗಹಾಕುವರು.

ಹೋದ ವರ್ಷ ಹಾಗೆ ಹೋದ ಸಾಮಾನುಗಳಲ್ಲಿ ಅವರ ಹೆಂಡತಿ ವಾಸಂತಿಯ ಎರಡನೇ ಸಿಮ್ಮೂ ಸೇರಿತ್ತು. ಕಾರ್ಖಾನೆಯ ಕಾಲೊನಿಯ ನರ್ಸರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲಕ್ಕೆ ಅವಳು ತಾನೇ ಹೋಗಿ ತೆಗೆದುಕೊಂಡಿದ್ದ ಸಿಮ್ ಅದು.

“ಒಂದು ಕಾಲ್ ಬಂದಿಲ್ಲ, ಒಂದು ಕಾಲ್ ಹೋಗಿಲ್ಲ. ಇದ್ಯಾಕೆ ಇನ್ನೂ?” ಎಂದಿದ್ದರು ವಾದಿರಾಜರು, ಪಿನ್ನು ಚುಚ್ಚಿ ಅದನ್ನು ಹೊರಗೆಳೆಯುತ್ತಾ.

“ಹೋಗ್ಲಿ ಬಿಡಿ,” ಎಂದಿದ್ದಳು ವಾಸಂತಿ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಅತಿ ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು. ಆ ನಂಬರಿಗೆ ಏನು ತಳುಕು ಹಾಕಿಕೊಂಡಿದೆ ಎನ್ನುವುದು ಆ ಹೊತ್ತಿಗೆ ಅವಳಿಗೆ ನೆನಪಾಗಲಿಲ್ಲ.

ನೆನಪಾದದ್ದು ಈ ವರ್ಷ, ಮಾರ್ಚ್ ಕೊನೆಯ ವಾರದ ಒಂದು ಸೋಮವಾರ. ಅವಳ ಹಳೆಯ ಫೋನು ಅಕ್ಕಿ ನೆನೆಹಾಕಿದ್ದ ಪಾತ್ರೆಗೆ ಬಿದ್ದು ಸತ್ತಿತ್ತು. ಪುಣೆಯಲ್ಲಿರುವ ಮಗಳು ಸುಕೃತಿ ಹೊಸ ಫೋನು ಕಳಿಸಿದ್ದಳು. ಫೋಟೋ, ಭಜನಾ ಮಂಡಳಿಯ ಗುಂಪು, ಗ್ಯಾಸ್ ಬುಕ್ಕಿಂಗು, ಎಲ್ಲವೂ ಒಂದೊಂದಾಗಿ ಹೊಸ ಮನೆಗೆ ಬಂದವು. ಬಾರದೆ ಉಳಿದದ್ದು ಅವಳ ಇ-ಮೇಲ್ ಒಂದೇ. ಪಾಸ್‌ವರ್ಡ್ ಬಾಯಿಪಾಠವಾಗಿತ್ತು, ಹಾಕಿದಳು. ಫೋನಿಗೆ ಅಷ್ಟು ಸಾಲಲಿಲ್ಲ. ಇದು ಹೊಸ ಉಪಕರಣ, ನೀವೇ ಎಂದು ಖಾತ್ರಿಪಡಿಸಿ, ನಲವತ್ತೇಳರಲ್ಲಿ ಮುಗಿಯುವ ನಂಬರಿಗೆ ಕೋಡ್ ಕಳಿಸಿದ್ದೇವೆ ಎಂದಿತು.

ವಾದಿರಾಜರು ಅದನ್ನು ಹಿಂದಿನಿಂದ ಗಟ್ಟಿಯಾಗಿ ಓದಿದರು. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಬಸ್ಸಿನಲ್ಲಿ ಕೂತರೆ ಅಂಗಡಿಯ ಬೋರ್ಡು ಓದುವರು, ಮನೆಯಲ್ಲಿ ಕೂತರೆ ಊಟದ ಮೇಜಿನ ಮೇಲಿರುವ ಹೆಂಡತಿಯ ಫೋನಿಗೆ ಬಂದ ಮೆಸೇಜು ಓದುವರು. ಅದರಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಪತ್ರಿಕೆ ಓದಿದ ಹಾಗೆ ಓದುವರು, ಅಷ್ಟೆ.

“ನಲವತ್ತೇಳಾ? ಅದು ಹೋದ್ವರ್ಷ ನಾನು ಕಂಡೆಮ್ ಮಾಡಿದ್ದಲ್ವಾ?” ಎಂದು ರಿಜಿಸ್ಟರು ತಂದು ಪುಟ ತೆಗೆದು ಬೆರಳಿಟ್ಟು ತೋರಿಸಿದರು. “ನೋಡು, ಇಲ್ಲಿದೆ. ಛೆ, ನನ್ನಿಂದ್ಲೇ ತಪ್ಪಾಯ್ತು. ನಾನೇ ಸರಿ ಮಾಡಿಸ್ತೀನಿ, ನೀನು ತಲೆ ಕೆಡಿಸ್ಕೋಬೇಡ.”

ವಾಸಂತಿಯ ತಲೆ ಕೆಟ್ಟದ್ದೇ ಆ ಮಾತಿನಿಂದ.

ಆ ಇ-ಮೇಲಿನಲ್ಲಿ ಏನಿತ್ತು ಎನ್ನುವುದನ್ನು ಈಗ ಹೇಳಬೇಕು. ಅದರಲ್ಲಿ ಬೇರೆ ಯಾರ ಕಾಗದವೂ ಇರಲಿಲ್ಲ. ಒಂಬತ್ತು ವರ್ಷದಿಂದ ವಾಸಂತಿ ತನಗೆ ತಾನೇ ಬರೆದುಕೊಂಡ ನಾನೂರ ಹನ್ನೊಂದು ಪತ್ರಗಳಿದ್ದವು, ಎಲ್ಲವೂ ಗಂಡನನ್ನು ಬೈದು ಬರೆದವು. ಮನೆಯಲ್ಲಿ ‘ಹೋಗ್ಲಿ ಬಿಡಿ’ ಎಂದ ದಿನವೆಲ್ಲ ಮಧ್ಯಾಹ್ನ ಅವರು ಒರಗಿದ ಮೇಲೆ ಅಡುಗೆಮನೆಯ ಮಣೆಯ ಮೇಲೆ ಕೂತು, ಒಂದೇ ಬೆರಳಿನಲ್ಲಿ ಕನ್ನಡ ಕುಟ್ಟಿ, ತನ್ನ ವಿಳಾಸಕ್ಕೆ ತಾನೇ ಕಳಿಸಿಕೊಳ್ಳುತ್ತಿದ್ದಳು. ಕಳಿಸಿದ ಮೇಲೆ ಎದೆ ಹಗುರವಾಗಿ, ಮುಖ ತೊಳೆದು, ಕಾಫಿಗೆ ಡಿಕಾಕ್ಷನ್ ಇಳಿಸುತ್ತಿದ್ದಳು. ಲೇಔಟಿನಲ್ಲಿ ಎಲ್ಲರೂ ವಾಸಂತಿಯಷ್ಟು ತಣ್ಣಗಿನ ಹೆಂಗಸು ಇನ್ನೊಬ್ಬಳಿಲ್ಲ ಎನ್ನುತ್ತಿದ್ದರು. ತಣ್ಣಗಿರಲು ಅವಳಿಗೆ ಇದ್ದ ಜಾಗ ಅದೊಂದೇ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಅದು ಹೋದರೆ ತಾನು ಏನಾಗಿಬಿಡುತ್ತೇನೋ ಎಂದು ಅವಳಿಗೇ ಹೆದರಿಕೆಯಾಯಿತು.

ಅವಳು ಹೆದರಿ ಮುಗಿಸುವಷ್ಟರಲ್ಲಿ ವಾದಿರಾಜರು ಕೆಲಸಕ್ಕಿಳಿದಾಗಿತ್ತು. ಮಹಡಿಯ ಬಾಡಿಗೆದಾರ ಸಿದ್ದಾರ್ಥ್ ಸಾಫ್ಟ್‌ವೇರ್ ಕಂಪನಿಯವನು, ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಅವನನ್ನು ಕೆಳಗೆ ಕರೆತಂದು ಕೂರಿಸಿದರು. ನಂಬರು ಇಲ್ಲದವರು ಒಂದು ಫಾರಂ ತುಂಬಿದರೆ, ಕಂಪನಿಯವರು ಪರಿಶೀಲಿಸಿ, ಎಪ್ಪತ್ತೆರಡು ಗಂಟೆಯ ನಂತರ ಬೇರೊಂದು ಇ-ಮೇಲಿಗೆ ಬೀಗ ತೆಗೆಯುವ ಲಿಂಕ್ ಕಳಿಸುತ್ತಾರೆ ಎಂದು ಅವನು ಹೇಳಿದ. ಬೇರೆ ಮೇಲ್ ಯಾವುದು ಎಂದು ಅವನು ಕೇಳಿ ಮುಗಿಸುವ ಮೊದಲೇ ವಾದಿರಾಜರು ತಮ್ಮದನ್ನು ಕೊಟ್ಟಿದ್ದರು. ವಾಸಂತಿ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬರುವ ಹೊತ್ತಿಗೆ ಫಾರಂ ಹೋಗಿತ್ತು.

“ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೆ. ಬಂದ ಕೂಡ್ಲೆ ನಾನೇ ತೆಗೀತೀನಿ,” ಎಂದರು ವಾದಿರಾಜರು. “ಎಲ್ಲಾ ಒಂದ್ಸಲ ಪ್ರಿಂಟ್ ತೆಗೆದು ಫೈಲ್ ಮಾಡಿಟ್ಬಿಡೋಣ. ಇನ್ಮುಂದೆ ಹೋಯ್ತು ಅನ್ನೋ ಭಯನೇ ಬೇಡ.”

ವಾಸಂತಿಗೆ ನಾನೂರ ಹನ್ನೊಂದು ಬೈಗುಳ, ದಿನಾಂಕದ ಪ್ರಕಾರ ಜೋಡಿಸಿ, ತೂತು ಹೊಡೆದು, ದಾರ ಕಟ್ಟಿ, ಬೀರುವಿನಲ್ಲಿ ಕೂತಿರುವುದು ಕಣ್ಣ ಮುಂದೆ ಬಂತು.

ಒಣಗಿದ ಬಟ್ಟೆ ತರುವ ನೆಪದಲ್ಲಿ ಮಹಡಿ ಹತ್ತಿದಳು. “ಆ ಫಾರಂ ವಾಪಸ್ ತಗೋಳೋಕಾಗುತ್ತಾಪ್ಪ?”

“ಆಂಟಿ, ಅದಕ್ಕೆ ಮುಂಚೆ ನೀವೇ ಕೋಡ್ ಹಾಕಿ ಲಾಗಿನ್ ಆದ್ರೆ ಅದು ತಾನಾಗೇ ಕ್ಯಾನ್ಸಲ್ ಆಗುತ್ತೆ. ಆದ್ರೆ ಆ ನಂಬರ್ ಇಷ್ಟೊತ್ತಿಗೆ ಬೇರೆ ಯಾರಿಗೋ ಹೋಗಿರುತ್ತೆ. ಹಳೇ ನಂಬರ್‌ಗಳನ್ನ ಹಾಗೇ ಬಿಡಲ್ಲ, ಮತ್ತೆ ಮಾರ್ತಾರೆ.” ಅವಳ ಮುಖ ನೋಡಿ ಸಿದ್ದಾರ್ಥ್ ಸಮಾಧಾನ ಮಾಡಹೋದ. “ಭಯ ಬೀಳ್ಬೇಡಿ. ಪಾಸ್‌ವರ್ಡ್ ಗೊತ್ತಿಲ್ದೆ ಅವ್ರೇನು ಸುಲಭವಾಗಿ ಒಳಗೆ ಹೋಗೋಕಾಗಲ್ಲ. ಮನಸ್ಸು ಮಾಡಿದ್ರೆ ಹೋಗ್ಬಹುದು, ಅದು ಬೇರೆ ವಿಷ್ಯ.”

ಹೀಗೆ ಸಮಾಧಾನ ಮಾಡುವವರನ್ನು ದೇವರು ಮಹಡಿ ಮೇಲೆಯೇ ಇಟ್ಟಿರಲಿ ಎಂದುಕೊಂಡು ಅವಳು ಬಟ್ಟೆ ಬಿಟ್ಟು ಬರಿಗೈಯಲ್ಲಿ ಇಳಿದಳು.

ಅಂದು ಮಧ್ಯಾಹ್ನ ಗಂಡ ಒರಗಿದ ಮೇಲೆ ಹಿತ್ತಲಿಗೆ ಹೋಗಿ ತನ್ನದೇ ಹಳೆಯ ನಂಬರಿಗೆ ಫೋನು ಮಾಡಿದಳು. ನಾಲ್ಕನೇ ರಿಂಗಿಗೆ ಒಂದು ಹೆಂಗಸಿನ ದನಿ ಎತ್ತಿತು.

“ಅಮ್ಮಾ, ನಮಸ್ಕಾರ. ಈ ನಂಬರ್ ಮುಂಚೆ ನಂದಾಗಿತ್ತು. ಈಗ ನಿಮಗೊಂದು ಓಟಿಪಿ ಬರುತ್ತೆ, ಅದನ್ನ ಸ್ವಲ್ಪ ನನಗೆ...”

“ಓಟಿಪಿ ಕೇಳ್ತೀಯಾ? ದನಿ ನೋಡುದ್ರೆ ವಯಸ್ಸಾಗಿರೋಳಂಗಿದೀಯ. ಈ ವಯಸ್ನಾಗೆ ಇದೊಂದು ಕಸುಬು ಬೇಕಿತ್ತೇನಮ್ಮ ನಿಂಗೆ? ಮಕ್ಳು ಮರಿ ಇಲ್ವಾ?”

ಫೋನು ಕಟ್ಟಾಯಿತು. ವಾಸಂತಿ ಹೂವಿನ ಕುಂಡದ ಪಕ್ಕ ನಿಂತೇ ಇದ್ದಳು. ಜೀವಮಾನದಲ್ಲಿ ಯಾರೂ ಅವಳನ್ನು ಕಳ್ಳಿ ಎಂದಿರಲಿಲ್ಲ. ಅವಮಾನದಿಂದ ಕಿವಿ ಬಿಸಿಯಾಯಿತು. ಆದರೂ ಆ ಹೆಂಗಸಿನ ಮೇಲೆ ಸಿಟ್ಟು ಬರಲಿಲ್ಲ, ಯಾಕೆಂದರೆ ಅವಳ ಜಾಗದಲ್ಲಿದ್ದರೆ ತಾನೂ ಅದನ್ನೇ ಹೇಳುತ್ತಿದ್ದಳು, ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ ಅಷ್ಟೆ.

ಮಂಗಳವಾರ ಇಡೀ ದಿನ ಅವಳು ಕೂತಲ್ಲಿ ಕೂರಲಿಲ್ಲ. ತೊಳೆದ ಪಾತ್ರೆಯನ್ನು ಮತ್ತೆ ತೊಳೆದಳು. ತುಳಸಿಗೆ ಎರಡು ಸಲ ನೀರು ಹಾಕಿದಳು. ಹುರುಳಿಕಾಯಿ ಪಲ್ಯ ತಳ ಹಿಡಿಯಿತು, ವಾದಿರಾಜರು ಏನೂ ಅನ್ನದೆ ತಿಂದರು. ಅದರ ಬದಲು ಗಡಿಯಾರ ನೋಡಿ, “ಇನ್ನು ನಲವತ್ತಾರು ಗಂಟೆ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಲವತ್ತೈದೂಮುಕ್ಕಾಲು,” ಎಂದರು. ಹೆಂಡತಿಯ ಆತಂಕವನ್ನು ಹಂಚಿಕೊಳ್ಳುವ ಅವರ ಕ್ರಮ ಅದು. ಆಗ ಅವಳಿಗೆ ಬಂದ ಸಿಟ್ಟನ್ನು ಬರೆಯಲು ಜಾಗವೇ ಇರಲಿಲ್ಲ. ಬೀಗ ಬಿದ್ದಿದ್ದ ಇ-ಮೇಲಿನ ಹೊರಗೆ ನಾನೂರ ಹನ್ನೆರಡನೆಯ ಪತ್ರ ಬರೆಸಿಕೊಳ್ಳಲು ಕಾದು ಕೂತಿತು.

ಮೂರು ಗಂಟೆಗೆ ಮತ್ತೆ ಹಿತ್ತಲಿಗೆ ಹೋದಳು.

“ಅಮ್ಮಾ, ಕಟ್ ಮಾಡ್ಬೇಡಿ. ನನಗೆ ಓಟಿಪಿ ಬೇಡ. ನಿಮ್ಮ ಊರು ಯಾವುದು ಅಂತ ಹೇಳಿ, ನಾನೇ ಬರ್ತೀನಿ. ನನ್ನ ಮುಖ ನೋಡಿ. ಆಮೇಲೆ ಬೈಯೋದಿದ್ರೆ ಬೈಯಿರಿ.”

ಆ ಕಡೆ ಎಲ್ಲೋ ಹಿಂದೆ ಯಂತ್ರವೊಂದು ಗುಡುಗುಡು ಎನ್ನುತ್ತಿತ್ತು.

“ನಿನ್ನೆಸ್ರೇನು?”

“ವಾಸಂತಿ.”

“ಟೀಚರ್ ವಾಸಂತಿನಾ?”

“ಹೌದು. ನಿಮಗೆ ಹೇಗೆ ಗೊತ್ತು?”

“ಈ ನಂಬರ್ ತಗಂಡಾಗ್ನಿಂದ ಮೂರು ನಾಕು ಜನ ಪೋನ್ ಮಾಡವ್ರೆ. ವಾಸಂತಿ ಟೀಚರಾ, ವಾಸಂತಿ ಟೀಚರಾ ಅಂತಾರೆ. ಒಬ್ಳು ಮದ್ವೆಗೆ ಕರ್ಯಾಕೆ ಮಾಡಿದ್ಲು. ನಾನಲ್ಲ ಕಣವ್ವ ಅಂದ್ರೂ ಕೇಳ್ದೆ, ಟೀಚರ್‌ಗೆ ಏಳಿ, ನಾನು ಚಿಕ್ಕೋಳಿದ್ದಾಗ ಅಳ್ತಾ ಇದ್ನಲ್ಲ ಆ ಪ್ರಿಯಾಂಕಾ ಅಂತ ಏಳಿ ಅಂದ್ಲು.” ದನಿ ಮೆತ್ತಗಾಯಿತು. “ಬಾ. ಜಿಗಣಿ. ಕೆರೆ ಏರಿ ಇಳಿದು ನರಸಪ್ಪನ ವಠಾರ ಅಂದ್ರೆ ಯಾರಾದ್ರೂ ತೋರುಸ್ತಾರೆ. ನಾನು ಅಂಜಿನಮ್ಮ.”

ಒಂದು ಕಾಲ್ ಬಂದಿಲ್ಲ, ಒಂದು ಕಾಲ್ ಹೋಗಿಲ್ಲ ಎಂದು ಕಿತ್ತೆಸೆದ ನಂಬರು. ಅದನ್ನು ಇಷ್ಟು ಜನ ನೆನಪಿಟ್ಟುಕೊಂಡಿದ್ದರು ಎಂದು ತಿಳಿದು ವಾಸಂತಿಗೆ ಸಂತೋಷವಾಯಿತು, ಅದರ ಬೆನ್ನಿಗೇ ಅಳುವೂ ಬಂತು.

ಕೋಡ್ ತರಲು ಜಿಗಣಿಗೆ ಒಬ್ಬಳೇ ಹೋಗಿಬರುತ್ತೇನೆ ಎಂದು ಗಂಡನಿಗೆ ಹೇಳಿದಳು. ವಾದಿರಾಜರು ಬಿಡಲಿಲ್ಲ. “ಗೊತ್ತಿಲ್ಲದ ಜನ, ಇಂಡಸ್ಟ್ರಿಯಲ್ ಏರಿಯಾ, ನಾನಿಲ್ಲದೆ ಹೇಗೆ ಹೋಗ್ತೀಯ? ನಾಳೆ ಬೆಳಿಗ್ಗೆ ಏಳಕ್ಕೆ ಹೊರಡೋಣ. ಆಧಾರ್ ಇಟ್ಕೋ, ನಿನಗೆ ಟಿಕೆಟ್ ಫ್ರೀ.” ಯಾವ ಬಸ್ಸು, ಎಲ್ಲಿ ಇಳಿಯುವುದು, ಎಲ್ಲಿ ಹತ್ತುವುದು ಎಂದು ಚೀಟಿ ಬರೆದು ಜೇಬಿಗೆ ಹಾಕಿಕೊಂಡರು.

ಬುಧವಾರ ದಾರಿಯುದ್ದಕ್ಕೂ ಅವರು ಬೋರ್ಡು ಓದಿದರು. ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡಿನವರೆಗೆ ಒಂದು ಬಿರಿಯಾನಿ ಹೋಟೆಲನ್ನೂ ಒಂದು ಹಲ್ಲಿನ ಆಸ್ಪತ್ರೆಯನ್ನೂ ಬಿಡಲಿಲ್ಲ. ಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ, ಗಾರ್ಮೆಂಟ್ಸಿನ ಗೇಟುಗಳ ಬೋರ್ಡನ್ನೆಲ್ಲ ಓದಿ ಮುಗಿಸಿ, “ಇನ್ನು ಇಪ್ಪತ್ನಾಲ್ಕು ಗಂಟೆ,” ಎಂದರು. ವಾಸಂತಿ ಬ್ಯಾಗಿನ ಜಿಪ್ಪನ್ನು ತೆಗೆದಳು, ಹಾಕಿದಳು, ತೆಗೆದಳು. ಕೋಡ್ ಹಾಕಿ ಒಳಗೆ ಹೋಗುವಾಗ ಇವರು ಪಕ್ಕದಲ್ಲಿ ನಿಂತು, ಮೊದಲ ಸಾಲನ್ನೇ ಗಟ್ಟಿಯಾಗಿ ಓದಿಬಿಟ್ಟರೆ? ಕೊನೆಯ ಪತ್ರದ ತಲೆಬರಹ ‘ಈ ಮನುಷ್ಯನ ಕೈಯಲ್ಲಿ ಆಗಲ್ಲ’ ಎಂದಿತ್ತು.

ನರಸಪ್ಪನ ವಠಾರ ಹುಡುಕುವುದು ಕಷ್ಟವಾಗಲಿಲ್ಲ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹದಿನೆಂಟು ಕೋಣೆಗಳು ಎದುರುಬದುರಾಗಿ ನಿಂತಿದ್ದವು. ಕಾರ್ಖಾನೆಗಳಿಗೆ ಹೋಗುವ ಹುಡುಗರು ಬಾಡಿಗೆಗಿದ್ದರು. ಕೊನೆಯಲ್ಲಿ ಮಾಲೀಕರ ಮನೆ, ಮುಂದೆ ಸಿಮೆಂಟಿನ ಕಟ್ಟೆ. ಅಂಜಿನಮ್ಮನ ಗಂಡ ನರಸಪ್ಪ ಪಂಪು ರಿಪೇರಿಯವನನ್ನು ಕರೆತರಲು ಹೋಗಿದ್ದ. ಅಂಜಿನಮ್ಮ ಹೊಸಿಲಿನಲ್ಲಿ ನಿಂತು ಬಂದವರಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಅರವತ್ತು ದಾಟಿದ ಗಟ್ಟಿ ಹೆಂಗಸು, ಸೊಂಟಕ್ಕೆ ಫೋನು ಸಿಕ್ಕಿಸಿಕೊಂಡಿದ್ದಳು.

“ನೀನೇ ಟೀಚರು. ಗೊತ್ತಾಯ್ತದೆ ಮೊಕ ನೋಡುದ್ರೆ. ಇವ್ರು?”

“ನಮ್ಮ ಯಜಮಾನ್ರು.”

ವಾದಿರಾಜರು ಆಗಲೇ ಪುಟ್ಟ ನೋಟ್‌ಬುಕ್ಕು, ಪೆನ್ನು ತೆಗೆದಿದ್ದರು. “ನಮಸ್ಕಾರಮ್ಮ. ನೀವು ನಂಬರ್ ಹೇಳಿ, ನಾನು ಬರ್ಕೋತೀನಿ, ಇವಳು ಹಾಕ್ತಾಳೆ. ತಪ್ಪಾಗೋದು ಬೇಡ.”

“ನೀವು ಕಟ್ಟೆ ಮ್ಯಾಲೆ ಕೂತ್ಕಳಿ ಸ್ವಾಮಿ,” ಎಂದಳು ಅಂಜಿನಮ್ಮ. “ನಮ್ ಮಗ ಹರ್ಷವರ್ಧನ ದಿನಾ ಪಾಠ ಮಾಡವ್ನೆ ನಂಗೆ. ಓಟಿಪಿ ಯಾರ್ಗೂ ಏಳ್ಬ್ಯಾಡಮ್ಮ, ಯಾರ್ಗೂ ಏಳ್ಬ್ಯಾಡ, ನಾನು ಕೇಳುದ್ರೂ ಏಳ್ಬ್ಯಾಡ ಅಂತ. ಟೀಚರ್ದು ಅಂತ ಟೀಚರೊಬ್ರಿಗೆ ಏಳ್ತಾ ಇವ್ನಿ. ನಿಮ್ಗಲ್ಲ.”

“ನಾನು ಇವಳ ಗಂಡ ಕಣಮ್ಮ.”

“ಇರ್ಲಿ. ಮಜ್ಜಿಗೆ ಕೊಡ್ತೀನಿ, ಕುಡೀರಿ.”

ಲೋಟ ಮಜ್ಜಿಗೆ ಅವರ ಕೈಗಿತ್ತು, ವಾಸಂತಿಯ ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ಮೂವತ್ತೆಂಟು ವರ್ಷದಲ್ಲಿ ವಾದಿರಾಜರನ್ನು ಒಂದು ಕೆಲಸದಿಂದ ಹೀಗೆ ಹೊರಗೆ ಕೂರಿಸಿದವರು ಯಾರೂ ಇರಲಿಲ್ಲ. ವಾಸಂತಿಗೆ ಆ ಹೆಂಗಸಿನ ಕಾಲಿಗೆ ಬೀಳಬೇಕೆನ್ನಿಸಿತು.

ಪಾಸ್‌ವರ್ಡ್ ಒತ್ತಿದಳು. ಅಂಜಿನಮ್ಮನ ಸೊಂಟದಲ್ಲಿ ಫೋನು ಟಿಣ್ ಎಂದಿತು. ಅವಳು ಅದನ್ನು ತೋಳಿನಷ್ಟು ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಒಂದೊಂದೇ ಅಂಕಿಯನ್ನು ವಾಸಂತಿಯ ಕಿವಿಯಲ್ಲಿ ಹೇಳಿದಳು. ನಾಕು. ಒಂದು. ಒಂದು. ಸೊನ್ನೆ. ಎಂಟು. ಎಳ್ಡು. ಚಕ್ರ ತಿರುಗಿತು, ನಿಂತಿತು. ಬಾಗಿಲು ತೆರೆಯಿತು. ನಾನೂರ ಹನ್ನೊಂದೂ ಇದ್ದವು.

ವಾಸಂತಿ ಅಲ್ಲೇ ಮಣೆಯ ಮೇಲೆ ಕುಸಿದು ಕೂತಳು.

“ಅದ್ರಾಗೆ ಏನೈತವ್ವ, ಈ ಬಿಸ್ಲಾಗೆ ಅಲ್ಲಿಂದ ಇಲ್ಲೀಗಂಟ ಓಡ್ಬಂದಿದೀಯ? ಆಸ್ತಿ ಪತ್ರನಾ?”

ಸುಳ್ಳು ಹೇಳಬಹುದಿತ್ತು. ಆದರೆ ಎರಡು ದಿನದಿಂದ ಒಳಗೇ ಬೆಂದಿದ್ದಳು, ಎದುರಿಗಿದ್ದವಳು ಗುಟ್ಟು ಬಿಡದ ಹೆಂಗಸು ಎನ್ನುವುದು ಕಣ್ಣಾರೆ ಕಂಡಾಗಿತ್ತು. “ನಮ್ಮ ಯಜಮಾನ್ರನ್ನ ಬೈದು ಬರ್ದಿದೀನಿ,” ಎಂದಳು. “ಒಂಬತ್ತು ವರ್ಷದಿಂದ. ನಾಳೆ ಬೆಳಿಗ್ಗೆ ಅವ್ರ ಕೈಗೆ ಹೋಗ್ತಿತ್ತು.”

ಅಂಜಿನಮ್ಮ ಸೆರಗು ಬಾಯಿಗಿಟ್ಟು, ಮೈ ಕುಲುಕುವಂತೆ ನಕ್ಕಳು. “ಅವ್ರನ್ನಾ? ನೋಡುದ್ರೆ ಸಾದಾ ಮನ್ಸ ಕಂಡಂಗವ್ರೆ.”

“ಸಾದಾನೇ. ಅದಕ್ಕೇ ಎದುರಿಗೆ ಬೈಯೋಕಾಗಲ್ಲ.”

“ಒಂದು ಓದು. ಮೊದಲ್ನೇದು ಓದು. ನಂಗೆ ಅಂಕಿ ಬಿಟ್ರೆ ಅಕ್ಸರ ಬರಾಕಿಲ್ಲ, ಕೇಳ್ತೀನಿ.”

ಒಂಬತ್ತು ವರ್ಷ ಕೆಳಗೆ ಹೋಗಲು ಬೆರಳಿಗೆ ಬಹಳ ಹೊತ್ತು ಬೇಕಾಯಿತು. ಸಿಕ್ಕಿತು. ಯಾರ ಮುಂದೆಯೂ, ತನ್ನ ಮುಂದೆಯೂ, ಅವಳು ಅದನ್ನು ದನಿ ತೆಗೆದು ಓದಿರಲಿಲ್ಲ.

“‘ಸುಕೃತಿಯ ಬಾಣಂತನ ಮುಗಿಸಿ ಮೂರು ತಿಂಗಳ ಮೇಲೆ ಮನೆಗೆ ಬಂದೆ. ಗೇಟು ತೆಗೆದವಳೇ ಮೊದಲು ಮೆಟ್ಟಿಲ ಕೆಳಗೆ ನೋಡಿದೆ. ಗೋಡೆಯ ಮೇಲೆ ಹ್ಯಾಂಡಲ್ ಉಜ್ಜಿದ ಗುರುತಿದೆ, ಸೈಕಲ್ ಇಲ್ಲ. ವರ್ಷದಿಂದ ಬಳಕೆಯಲ್ಲಿಲ್ಲ, ಸಾಗಹಾಕಿದೆ ಅಂದರು. ಗುಜರಿಯವನು ಅದನ್ನು ಎತ್ತಿ ಗಾಡಿಗೆ ಎಸೆದಿರಬೇಕು. ನನ್ನ ಮೊದಲ ಸಂಬಳದಲ್ಲಿ ತೆಗೆದುಕೊಂಡ ನೀಲಿ ಸೈಕಲ್. ಮಂಡಿ ನೋವು ವಾಸಿಯಾದ ಮೇಲೆ ಮತ್ತೆ ತುಳಿಯಬೇಕು ಅಂತಿದ್ದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನೂ ಹೋಗಲಿ ಬಿಡಿ ಅಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಈ ಮನೆಯಲ್ಲಿ ನಿನಗೇನು ಬೇಕು ಅಂತ ನನ್ನನ್ನು ಯಾರಾದರೂ ಕೇಳಿಯೂ ವರ್ಷದ ಮೇಲಾಯಿತು. ಮುಂದಿನ ಮಾರ್ಚಿಗೆ ಕೆಂಪು ಶಾಯಿಯಲ್ಲಿ ನನ್ನ ಹೆಸರೂ ಬರಬಹುದು.’”

ಓದುತ್ತಾ ಓದುತ್ತಾ ಅವಳ ದನಿ ತಾನಾಗಿ ಏರಿತ್ತು. ನರ್ಸರಿ ಮಕ್ಕಳಿಗೆ ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಹೇಳಿದ ಗಂಟಲು ಅದು.

ಅಂಜಿನಮ್ಮ ನಗಲಿಲ್ಲ. “ಕಾರ್ಖಾನೆಗೆ ನಮ್ಮೊಲ ಕೊಟ್ಟಾಗ್ಲೂ ಇಂಗೇ ಕಣವ್ವ,” ಎಂದಳು. “ಎಬ್ಬೆಟ್ಟು ಒತ್ತು ಅಂದ್ರು, ಒತ್ತಿದೆ. ಯಾವೊಲ ಅಂತ ನಾನೂ ಕೇಳ್ಲಿಲ್ಲ. ಆಮ್ಯಾಲೆ ನೋಡುದ್ರೆ ನಮ್ಮಪ್ಪ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದ ತುಂಡು. ನಿಂಗಾದ್ರೂ ಬರ್ಯಾಕೆ ಬತ್ತದೆ.”

ಆಮೇಲೆ ವಾಸಂತಿ ಫೋನಿನಲ್ಲಿ ನಂಬರು ಬದಲಾಯಿಸುವ ಪುಟ ತೆರೆದಳು. ಹೊಸ ನಂಬರು ಹಾಕಿ ಎಂದಿತು. ಅವಳಿಗಿದ್ದದ್ದು ಒಂದೇ ನಂಬರು, ಅದು ಗಂಡನ ಹೆಸರಿನಲ್ಲಿತ್ತು, ಅದಕ್ಕೆ ಬಂದದ್ದೆಲ್ಲ ಊಟದ ಮೇಜಿನ ಮೇಲೆ ಗಟ್ಟಿಯಾಗಿ ಓದಲ್ಪಡುತ್ತಿತ್ತು. ಬೆರಳು ಖಾಲಿ ಚೌಕದ ಮೇಲೆ ನಿಂತೇ ಬಿಟ್ಟಿತು.

“ನಂದೇ ಇರ್ಲಿ ಬಿಡು ಸದ್ಯಕ್ಕೆ. ನಾನ್ ಯಾರ್ಗೂ ಏಳಾಕಿಲ್ಲ,” ಎಂದಳು ಅಂಜಿನಮ್ಮ.

ಹೊರಗೆ ಬಂದಾಗ ವಾಸಂತಿ ಮೊದಲು ನೋಡಿದ್ದು ಅಡುಗೆಮನೆಯ ಕಿಟಕಿಯನ್ನು. ಒಳಗಿನಿಂದ ನೋಡಿದಾಗ ಪಾತ್ರೆಗಳ ಹಿಂದೆ ಮುಚ್ಚಿಹೋಗಿತ್ತು. ಹೊರಗಿನಿಂದ ನೋಡಿದರೆ ಎರಡು ರೆಕ್ಕೆಯೂ ಪೂರಾ ತೆರೆದಿತ್ತು, ನೇರ ಕಟ್ಟೆಯ ಮೇಲೆ. ಕಟ್ಟೆಯ ಮೇಲೆ ವಾದಿರಾಜರು. ಅವರ ಕೈಯಲ್ಲಿದ್ದ ಲೋಟದಲ್ಲಿ ಮಜ್ಜಿಗೆ ಹಾಗೇ ತುಂಬಿತ್ತು.

“ಆಯ್ತಾ?” ಎಂದರು.

“ಆಯ್ತು.”

“ಹೊರಡೋಣ.”

ಬಸ್ಸು ಹತ್ತಿದರು. ಕಾರ್ಖಾನೆಗಳ ಬೋರ್ಡು ಒಂದಾದ ಮೇಲೊಂದು ಹೋದವು, ವಾದಿರಾಜರು ಯಾವುದನ್ನೂ ಓದಲಿಲ್ಲ. ಬೊಮ್ಮಸಂದ್ರ ಹೋಯಿತು, ಎಲೆಕ್ಟ್ರಾನಿಕ್ ಸಿಟಿ ಹೋಯಿತು, ಕನ್ನಡಿ ಕಟ್ಟಡಗಳ ಮೇಲೆ ಆಳೆತ್ತರದ ಅಕ್ಷರಗಳಿದ್ದವು, ಒಂದು ಅಕ್ಷರವೂ ಅವರ ಬಾಯಿಂದ ಬರಲಿಲ್ಲ. ಈ ಓದನ್ನು ನಿಲ್ಲಿಸಿ ಎಂದು ವಾಸಂತಿ ಎಷ್ಟು ಪತ್ರ ಬರೆದಿದ್ದಳೋ ಲೆಕ್ಕವಿಲ್ಲ. ಈಗ ಒಂದಾದರೂ ಓದಿ ಎಂದು ಬೇಡಿಕೊಳ್ಳುವಂತಾಯಿತು. ಕೇಳಿಸಿದೆಯೆ? ಎಷ್ಟು ಕೇಳಿಸಿದೆ? ಕೇಳುವ ಧೈರ್ಯವಿರಲಿಲ್ಲ. ಬ್ಯಾಗಿನ ಜಿಪ್ಪು ಅಷ್ಟು ಹೊತ್ತಿಗೆ ಕಿತ್ತು ಕೈಗೆ ಬಂದಿತ್ತು.

ಬೊಮ್ಮನಹಳ್ಳಿಯಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಾ ನಿಂತರು. ಮೇಲೆ ಫ್ಲೈಓವರಿನ ಸದ್ದು, ಕೆಳಗೆ ಶಿಫ್ಟು ಬಿಟ್ಟ ಹೆಂಗಸರ ಗುಂಪು. ವಾದಿರಾಜರು ರಸ್ತೆಯ ಕಡೆಗೆ ಮುಖ ಮಾಡಿಕೊಂಡೇ ಮಾತಾಡಿದರು.

“ಗುಜರಿಗೆ ಹಾಕ್ಲಿಲ್ಲ ಅದನ್ನ.”

ವಾಸಂತಿ ಅವರ ಕಡೆ ತಿರುಗಿದಳು.

“ಸೈಕಲ್. ಗೇಟ್ ಸೆಕ್ಯೂರಿಟಿ ಬಸಲಿಂಗ ಇದ್ನಲ್ಲ, ಅವನ ಮಗಳಿಗೆ ಕೊಟ್ಟೆ. ಹೈಸ್ಕೂಲ್ ದೂರ ಅಂತಿದ್ದ. ರಿಜಿಸ್ಟರ್‌ನಲ್ಲಿದೆ.” ಒಂದು ಬಸ್ಸು ಬಂದು, ನಿಂತು, ಹೋಯಿತು. ಅದು ಅವರ ಬಸ್ಸೇ ಆಗಿತ್ತು, ಇಬ್ಬರೂ ಹತ್ತಲಿಲ್ಲ. “ಆದ್ರೂ ನಿನ್ನ ಕೇಳ್ಬೇಕಿತ್ತು.”

‘ಹೋಗ್ಲಿ ಬಿಡಿ’ ಎನ್ನುವುದು ಅವಳ ನಾಲಗೆಯ ತುದಿಗೆ ಬಂತು. ಅದನ್ನು ಅವಳು ಹೇಳಲಿಲ್ಲ. “ಹೌದು, ಕೇಳ್ಬೇಕಿತ್ತು,” ಎಂದಳು. ಎದುರಿಗೇ ಹೇಳಿದ ಮೊದಲನೆಯ ಮಾತು ಅದು.

ವಾದಿರಾಜರು ತಲೆಯಾಡಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ರಸ್ತೆ ಬದಿಯಲ್ಲಿ ಬಣ್ಣದ ದೊಡ್ಡ ಛತ್ರಿ ನೆಟ್ಟುಕೊಂಡು ಒಬ್ಬಾಕೆ ಸಿಮ್ ಮಾರುತ್ತಿದ್ದಳು. ಅತ್ತ ಕೈ ತೋರಿಸಿದರು.

“ಆಧಾರ್ ಇದೆಯಲ್ಲ ನಿನ್ನ ಹತ್ರ. ಹೋಗಿ ಒಂದು ತಗೋ. ನಿನ್ನ ಹೆಸರಲ್ಲೇ.”

“ನೀವೂ ಬನ್ನಿ.”

“ನಾನ್ಯಾಕೆ ಅಲ್ಲಿ.” ಜೇಬಿನ ಚೀಟಿ ತೆಗೆದು ಮುಂದಿನ ಬಸ್ಸು ನೋಡಿದರು. “ನಂಬರ್ ನನಗೆ ಹೇಳ್ಬೇಡ.”

ಅವಳು ಛತ್ರಿಯ ಕೆಳಗೆ ಹೋಗಿ ಆಧಾರ್ ಕೊಟ್ಟು ಫೋಟೋಕ್ಕೆ ಮುಖ ಹಿಡಿದಳು. ಅಕ್ಕಾ, ಯಾವ ನಂಬರ್ ಬೇಕು ನೋಡಿ ಎಂದು ಆಕೆ ಪಟ್ಟಿಯನ್ನೇ ಮುಂದಿಟ್ಟಳು. ಒಂದು ನಂಬರನ್ನು ತಾನೇ ಆರಿಸಿಕೊಂಡು ವಾಸಂತಿ ತಿರುಗಿ ನೋಡಿದಳು. ವಾದಿರಾಜರು ಬೆನ್ನು ತಿರುಗಿಸಿ, ಫ್ಲೈಓವರಿನ ಕಂಬವನ್ನು ನೋಡುತ್ತಾ ನಿಂತಿದ್ದರು. ಕಂಬದ ಮೇಲೆ ಏನೂ ಬರೆದಿರಲಿಲ್ಲ.

ಸಿಮ್ಮಿಗೆ ಸಂಜೆ ಜೀವ ಬಂತು. ಅಡುಗೆಮನೆಯ ಮಣೆಯ ಮೇಲೆ ಕೂತು ಖಾಲಿ ಚೌಕದಲ್ಲಿ ಹೊಸ ನಂಬರು ತುಂಬಿದಳು, ನಲವತ್ತೇಳನ್ನು ತೆಗೆದಳು. ಅಂಜಿನಮ್ಮನಿಗೆ ಫೋನು ಮಾಡಿ, ಇನ್ನು ನಿಮಗೆ ತೊಂದರೆ ಇಲ್ಲ ಎಂದಳು. ತೊಂದ್ರೆ ಏನ್ ಬಂತು, ಬೈಯಾಕಾದ್ರೂ ಪೋನ್ ಮಾಡ್ತಿರವ್ವ ಎಂದಳು ಅವಳು. ಗುರುವಾರ ಹತ್ತು ಗಂಟೆಗೆ ವಾದಿರಾಜರ ಇ-ಮೇಲಿಗೆ ಏನೂ ಬರಲಿಲ್ಲ. ಅವರೂ ತೆಗೆದು ನೋಡಲಿಲ್ಲ.

ಮಾರ್ಚ್ ಮೂವತ್ತೊಂದು ಎಂದಿನಂತೆ ಬಂತು. ಈ ಸಲ ಅವರು ಪ್ರತಿ ವಸ್ತುವಿನ ಮುಂದೆ ನಿಂತು, “ಇದು ಇರ್ಲಾ?” ಎಂದು ಕೇಳಿದರು. ಒಡೆದ ಜರಡಿಗೂ ಕೇಳಿದರು. ವಾಸಂತಿಗೆ ಮಧ್ಯಾಹ್ನದ ಹೊತ್ತಿಗೆ ಸಾಕುಸಾಕಾಗಿ, ಇದನ್ನೂ ಒಂದು ಪತ್ರದಲ್ಲಿ ಬರೆಯಬೇಕು ಎಂದುಕೊಂಡಳು. ಕೊನೆಗೆ ಊಟದ ಮೇಜಿನ ಮೇಲಿದ್ದ ಅವಳ ಫೋನಿನ ಸರದಿ. ಪಿನ್ನು ಚುಚ್ಚಿ ತಟ್ಟೆ ಹೊರಗೆಳೆದರು. ಎರಡು ಸಿಮ್ಮುಗಳು ಅಕ್ಕಪಕ್ಕ ಕೂತಿದ್ದವು. ಅವುಗಳನ್ನು ಒಂದು ಗಳಿಗೆ ನೋಡಿ ತಟ್ಟೆಯನ್ನು ಹಾಗೇ ಒಳಕ್ಕೆ ತಳ್ಳಿ, ಕುರ್ಚಿ ಎಳೆದುಕೊಂಡು ಬರೆಯಲು ಕೂತರು.

ಸಂಜೆ ಅವರು ವಾಕಿಂಗಿಗೆ ಹೋದಾಗ ವಾಸಂತಿ ರಿಜಿಸ್ಟರು ತೆರೆದಳು. ಕೊನೆಯ ಪುಟದಲ್ಲಿ, ದುಂಡು ಅಕ್ಷರದಲ್ಲಿ ಬರೆದಿತ್ತು. ಮೊಬೈಲ್ ಫೋನು, ವಾಸಂತಿ: ಒಂದು. ಸಿಮ್: ಒಂದು. ಅದರ ಕೆಳಗೆ, ಪ್ರತಿ ವರ್ಷದಂತೆ, ‘ಎಣಿಸಿ ನೋಡಿದ್ದೇನೆ, ಎಲ್ಲವೂ ಸರಿಯಾಗಿದೆ’ ಎಂದು ಬರೆದು ವಾದಿರಾಜರು ಸಹಿ ಹಾಕಿದ್ದರು.